ತಂಗಿ ಹೋದ ದಿನ

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾದ ಮೇಲಿನ ಮಾತು. ಸಮುದ್ರದ ಗಾಳಿಮಳೆಗೆ ನಾವಿದ್ದ ಬಂದರಿನ ಊರೇ ಕೊಚ್ಚಿಹೋಯಿತು, ನಿಮ್ಮ ತಂಗಿಯ ಹೆಣವೂ ಸಿಗಲಿಲ್ಲ ಎಂದು ಭಾವ ಮೈಸೂರಿನ ಲಷ್ಕರ್ ಮೊಹಲ್ಲಾದ ನಮ್ಮ ಮನೆಗೆ ಬಂದು ಹೇಳಿದರು. ಅವ್ವ ಮನೆಯಲ್ಲೇ ತಿಥಿ ಮಾಡಿಸಿದಳು. ಭಾವ ಎಡೆಯ ಮುಂದೆ ಕುಳಿತು ಅತ್ತರು. ಊಟ ಬೇಡವೆಂದವರಿಗೆ ಅವ್ವ ಒತ್ತಾಯ ಮಾಡಿ ಬಡಿಸಿದಳು. ಇನ್ನೂ ವಯಸ್ಸಿದೆ, ಬೇರೆ ಮದುವೆಯಾಗಿ ಎಂದವಳೂ ಅವಳೇ.

ಮೂರು ವರ್ಷ ಕಳೆದ ಮೇಲೆ, "ಅವಳು ಹೋದ ನೀರಿಗೆ ಒಂದಿಷ್ಟು ಹೂ ಬುಟ್ಟು ಬಾ," ಎಂದು ನನ್ನನ್ನು ಕಳುಹಿಸಿದಳು. ಆ ಹೊತ್ತಿಗೆ ಭಾವನಿಗೆ ಬೇರೆ ಕಡೆ ವರ್ಗವಾಗಿತ್ತು.

ಪೂರ್ವ ತೀರದ ಆ ಬಂದರು ಬಹಳ ಹಳೆಯದು. ಸಮುದ್ರ ಹಿಂದೆಯೂ ಅದನ್ನು ನುಂಗಿತ್ತು, ಜನ ಮತ್ತೆ ಕಟ್ಟಿದ್ದರು. ಈ ಸಲವೂ ಬಿದ್ದ ಕೋಟೆಯ ಕಲ್ಲುಗಳನ್ನೇ ಅಡಿಪಾಯಕ್ಕೆ ಹಾಕಿ ಸಾಲುಮನೆಗಳನ್ನು ಎಬ್ಬಿಸಿದ್ದರು. ಭಾವನ ಮನೆ ಇದ್ದ ಜಾಗವನ್ನು ಕೇಳುತ್ತ ಹೋದೆ. ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸೊಬ್ಬಳು ನನ್ನ ಹರುಕು ತಮಿಳು ಕೇಳಿ ನಕ್ಕು, "ಕುಂತ್ಕೊಳ್ಳಿ ಕಣ್ರೀ," ಎಂದಳು.

ಕನ್ನಡ ಎಲ್ಲಿ ಕಲಿತಿರಿ ಎಂದೆ. ಪಕ್ಕದ ಮನೆಯ ಮೈಸೂರಿನ ಹುಡುಗಿಯಿಂದ ಎಂದಳು. ತಾನು ಈ ಊರಿನವಳಲ್ಲ, ಗಾಳಿಮಳೆ ನಿಂತು ಈ ಮನೆಗಳು ಎದ್ದ ಮೇಲೆ ಬಂದವಳು ಎಂದೂ ಹೇಳಿದಳು.

ನನಗೆ ಕೂರಲಾಗಲಿಲ್ಲ.

ಗಾಳಿಮಳೆಯಲ್ಲಿ ಗೋಡೆ ಬಿದ್ದು ತಂಗಿಯ ಸೊಂಟ ಮುರಿದಿತ್ತಂತೆ. ಹಿಂದಿನ ಕೋಣೆಯಲ್ಲಿ ಮಲಗಿದಲ್ಲೇ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದು ತೀರಿಕೊಂಡಳಂತೆ. ಹೊಸ ಹೆಂಡತಿ ಅದೇ ಮನೆಗೆ ಬಂದಿದ್ದಳು. ಮೈಸೂರಿಗೆ ಹೇಳಿ ಕಳಿಸಿದ್ದೇನೆ, ಯಾರೂ ಬರಲಿಲ್ಲ ಎಂದು ಅವನು ಹೇಳುತ್ತಿದ್ದನಂತೆ. ತಂಗಿಗೆ ಓದು ಬರಹ ಬಾರದು. ಆದರೂ ಅವನ ಮಾತನ್ನು ಅವಳು ನಂಬಲಿಲ್ಲ.

"'ನಮ್ಮಣ್ಣ ಬಂದೇ ಬತ್ತಾನೆ ಕಣಕ್ಕ' ಅಂತಿದ್ಲು," ಎಂದಳು ಆ ಹೆಂಗಸು. ರಾಗವೂ ತಂಗಿಯದೇ.

ಊರಿಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ.

"ಉಸಿರಾಡ್ತಿದ್ದ ಮಗೀಗೆ ಎಡೆ ಇಟ್ಬುಟ್ನಲ್ಲೋ," ಎಂದಳು.

ಸ್ವಲ್ಪ ಹೊತ್ತಿನ ಮೇಲೆ, ಹಾಗಾದರೆ ನಿಜವಾಗಿ ಹೋದದ್ದು ಯಾವತ್ತು ಎಂದು ಕೇಳಿದಳು. ಬೇಸಿಗೆ ಎಂಬುದು ಬಿಟ್ಟು ಆ ಹೆಂಗಸಿಗೆ ಬೇರೇನೂ ನೆನಪಿರಲಿಲ್ಲ. ದಿನ ಗೊತ್ತಿರುವುದು ಅವನೊಬ್ಬನಿಗೇ. ಎಲ್ಲಿದ್ದರೂ ಹುಡುಕಿ ಕೇಳಿಕೊಂಡು ಬರುತ್ತೇನೆಂದು ಎದ್ದೆ. ಅವ್ವ ನನ್ನ ತೋಳು ಹಿಡಿದು ಕೂರಿಸಿದಳು.

"ಆ ಬಾಯಿಂದ ಬರೋ ದಿನ ನಂಗೆ ಬ್ಯಾಡ ಕಣೋ."