ಮೀಟರ್ ಕನಕರಾಯರ ಗುಪ್ತಲಿಪಿ ಯಂತ್ರ

ಕೋಳಿ ಕೂಗುವ ಹೊತ್ತಿಗೆ ಕನಕರಾಯ ಶಾಲೆಯ ಬಾಗಿಲಲ್ಲಿ ಹಾಜರ್. ರಾಯಚೂರಿನ ಅಕ್ಕಿ ಗಿರಣಿಗಳು ಶುರುವಾದರೆ ಕರೆಂಟು ಸೊರಗಿ ಕಂಪ್ಯೂಟರ್ ಕಣ್ಣು ಮುಚ್ಚುತ್ತದೆ. ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕುತ್ತಾರೆ. ಅದು ಕಿರ್ರೆನ್ನುತ್ತ ಪ್ರೋಗ್ರಾಮನ್ನು ಕಂಪ್ಯೂಟರಿಗೆ ದಾಟಿಸುವವರೆಗೆ ಗಣಿತದ ಪಾರ್ವತೆಮ್ಮ ಟೀಚರ್ ಜತೆ ಚಹಾ.

ಇವತ್ತು ಶಾಲೆಯ ಆಡಳಿತ ಮಂಡಳಿ ಬರುತ್ತದೆ. ಗುಪ್ತಲಿಪಿಯ ಒಂದು ಹಳೆಯ ಸಂದೇಶವನ್ನು ಕಂಪ್ಯೂಟರಿನಲ್ಲಿ ಬಿಡಿಸಿ ತೋರಿಸದಿದ್ದರೆ ಹೊರಗಿನವರಿಗೆ ಇನ್ನು ಕಂಪ್ಯೂಟರ್ ಮುಟ್ಟಗೊಡುವುದಿಲ್ಲ ಎಂದು ಖಡಕ್ಕಾಗಿ ಹೇಳಿದ್ದಾರೆ. ಕನಕರಾಯರ ಮುಖದಲ್ಲಿ ಮಾತ್ರ ಅಳುಕಿಲ್ಲ. "ಬರ್ಲಿ ಬಿಡ್ರಿ, ನೋಡಿ ಹೋಗ್ಲಿ" ಎನ್ನುತ್ತಾರೆ.

ಬಾಗಲವಾಡದ ಕುರಿ ಕಾಯುವ ಮನೆತನದ ಈ ಮನುಷ್ಯ ರಾಯಚೂರಿನ ತೀನ್ ಕಂದೀಲ್ ವೃತ್ತದ ಬಳಿ ಬಸ್ಸು, ಲಾರಿಗಳ ಕಿಲೋಮೀಟರ್ ಮೀಟರ್ ರಿಪೇರಿ ಮಾಡುತ್ತಾರೆ. ಮಾನ್ವಿ, ಕವಿತಾಳದ ಚಾಲಕರಿಗೆಲ್ಲ ಅವರು ‘ಮೀಟರ್ ಕನಕರಾಯ’. ಶಾಲೆಯ ಗಡಿಯಾರ ಸರಿಮಾಡಲು ಬಂದಾಗ ಟೀಚರ್ ಒಂದು ಪುಸ್ತಕದ ಚಿತ್ರ ತೋರಿಸಿದರಂತೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಸಂದೇಶಗಳನ್ನು ಗುಟ್ಟಾಗಿಡಲು ಬಳಸಿದ ಎನಿಗ್ಮಾ ಯಂತ್ರ ಅದು. ಒಂದೊಂದು ಅಕ್ಷರ ಒತ್ತಿದಾಗಲೂ ಹಲ್ಲಿನ ಚಕ್ರಗಳು ಸರಿದು ಗುಪ್ತ ಅಕ್ಷರ ಬದಲಾಗುತ್ತದೆ. "ಇದು ನಮ್ಮ ಮೀಟರಿನ ಅಣ್ಣ ಇದ್ದಂಗ ಅದರೀ" ಎಂದರು ಕನಕರಾಯ. ಹಾಗಾದರೆ ಕಂಪ್ಯೂಟರಿನೊಳಗೆ ಕಟ್ಟೋಣ ಎಂದರು ಟೀಚರ್.

ಕೈಗೆ ಸಿಗದ ಯಂತ್ರ ಕನಕರಾಯರ ತಲೆಗೆ ಹತ್ತುವುದಿಲ್ಲ. ಮೊದಲು ಚಿತ್ರ ನೋಡಿ ತಗಡಿನಲ್ಲಿ ಮೂರು ಚಕ್ರ ಕತ್ತರಿಸಿದರು. ಅವು ಹೇಗೆ ತಿರುಗುತ್ತವೋ ಹಾಗೇ ಟೀಚರ್ ಪ್ರೋಗ್ರಾಂ ಬರೆದರು. ಪುಸ್ತಕದಲ್ಲಿದ್ದ ಗುಪ್ತ ಸಂದೇಶವನ್ನು ಹಾಕಿದರೆ ಮೊದಲ ಸಾಲು ಸರಿ, ಆಮೇಲೆ ಬರೀ ಗೋಜಲು. ವಾರಗಟ್ಟಲೆ ಇಬ್ಬರೂ ಹೈರಾಣಾದರು.

ಗುಟ್ಟು ಬಿಟ್ಟುಕೊಟ್ಟದ್ದು ದೇವದುರ್ಗದ ಒಂದು ಬಸ್ಸು. "ನಡುವಿನ ಅಂಕಿ ಸುಮ್ಮಸುಮ್ಮನ ಹಾರ್ತದ, ನೋಡಣ್ಣ" ಎಂದು ಚಾಲಕ ಯಮನೂರಪ್ಪ ಮೀಟರ್ ಮುಂದಿಟ್ಟ. ಉಜ್ಜಲೆಂದು ಅರ ಎತ್ತಿಕೊಂಡ ಕನಕರಾಯರ ಕೈ ಅಲ್ಲೇ ನಿಂತಿತು.

"ತಗಡಿನ ನಡುವಿನ ಚಕ್ರನೂ ಹಿಂಗ ಒಂದು ಹಲ್ಲು ಹೆಚ್ಚಿಗಿ ಹಾರಿತ್ತರೀ. ನನ್ನ ಕೈಯಾಗಿನ ಎಡವಟ್ಟು ಅಂತ ಚಕ್ರ ತಳ್ಳೋ ಕೊಕ್ಕಿ ಉಜ್ಜಿ ನೆಟ್ಟಗ ಮಾಡಿಬಿಟ್ಟಿದ್ದೆ. ಟೀಚರ‍್ಗೆ ಹೇಳಿರಲೂ ಇಲ್ಲ" ಎಂದು ಕನಕರಾಯ ಈಗ ನೆನೆಯುತ್ತಾರೆ.

ಪುಸ್ತಕ ತೆಗೆದು ನೋಡಿದರೆ ಚಿತ್ರದಲ್ಲಿ ಕೊಕ್ಕೆ ಅವರು ಮೊದಲು ಕತ್ತರಿಸಿದಷ್ಟೇ ಅಗಲ. ಎಡದ ಚಕ್ರವನ್ನು ತಳ್ಳುವಾಗ ನಡುವಿನದು ತಾನೂ ಸರಿಯುವುದು ಆ ಯಂತ್ರದ ಹುಟ್ಟುಗುಣ. ಟೀಚರ್ ನಕ್ಕು, ಪ್ರೋಗ್ರಾಮಿಗೆ ಆ ನೆಗೆತವನ್ನು ಸೇರಿಸಿದರು.

ಮಂಡಳಿಯವರು ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಕನಕರಾಯ ಒಂದೊಂದೇ ಅಕ್ಷರ ಒತ್ತುತ್ತಾರೆ. ಮೊದಲ ಸಾಲು ದಾಟುತ್ತದೆ, ಎರಡನೆಯದೂ ದಾಟುತ್ತದೆ, ಕೊನೆಯ ಅಕ್ಷರದವರೆಗೂ ಸಂದೇಶ ಪುಸ್ತಕದಲ್ಲಿರುವಂತೆಯೇ ಬರುತ್ತದೆ. ಅಧ್ಯಕ್ಷರು ಕಂಪ್ಯೂಟರ್ ಕೋಣೆಯ ಕೀಲಿಯನ್ನು ಕನಕರಾಯರ ಕೈಗೇ ಕೊಡುತ್ತಾರೆ.

ಅಂಗಡಿಗೆ ಮರಳಿದ ಕನಕರಾಯ ತಗಡಿನ ಚಕ್ರಗಳನ್ನು ತೋರಿಸುತ್ತಾರೆ. ಉಜ್ಜಿದ ಕೊಕ್ಕೆಗೆ ಹೊಸ ತುಂಡು ಬೆಸುಗೆ ಹಾಕಿದ್ದಾರೆ. ಬೆರಳಿನಿಂದ ತಳ್ಳಿದರೆ ನಡುವಿನ ಚಕ್ರ ಟಕ್ಕನೆ ಹಾರುತ್ತದೆ.

"ಇಷ್ಟು ವರ್ಷ ರಿಪೇರಿ ಮಾಡೀನಿ," ಎನ್ನುತ್ತಾರೆ, "ಇದೊಂದನ್ನ ಮಾತ್ರ ಕೆಟ್ಟಂಗ ಬಿಟ್ಟೀನಿ ನೋಡ್ರಿ. ಅದಕ್ಕ ನಡದದ."