ಕಿರುಬೆರಳಿನ ಡಬ್ಬ

ಅರವತ್ತರ ದಶಕದಲ್ಲಿ ನಮ್ಮ ಕಡೆ ಅಲ್ಯುಮಿನಿಯಂ ಪಾತ್ರೆ ಮಾರುತ್ತಿದ್ದ ಆ ಮನುಷ್ಯನನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಕುಂದಾಪುರದ ಬಸ್ಸಿನಲ್ಲಿ ಹಾಲಾಡಿಗೆ ಬಂದಿಳಿದು, ತನ್ನಷ್ಟೇ ಎತ್ತರದ ಪಾತ್ರೆಯ ಮೂಟೆಯನ್ನು ತಲೆಯ ಮೇಲಿಟ್ಟುಕೊಂಡು, ಕೈ ಬೀಸುತ್ತ ಬರುತ್ತಿದ್ದ. ಜಗಲಿಯಲ್ಲಿ ಕೂತವನೇ ದೊಡ್ಡ ಡಬ್ಬವೊಂದರ ಹಿಡಿಗೆ ಕಿರುಬೆರಳು ಸಿಕ್ಕಿಸಿ ಎತ್ತಿ ತೋರಿಸುತ್ತಿದ್ದ.

"ಕಾಣಿ ಅಮ್ಮಾ, ಹೂಗಿನ್ ಹಾಂಗೆ ಹಗೂರ. ತುಕ್ಕ್ ಹಿಡುದಿಲ್ಲ, ಬಿದ್ರೆ ಒಡುದಿಲ್ಲ."

ಮನೆಮನೆಯಲ್ಲೂ ಅದೇ ಬೆರಳು, ಅದೇ ಮಾತು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನನ್ನ ಸಿಟ್ಟೂ ಅದಕ್ಕೇ.

ಅಮ್ಮ ಹಳೆಯ ತಾಮ್ರದ ಕೊಡಪಾನವನ್ನೇ ಅವನಿಗೆ ಕೊಟ್ಟು ಆ ಡಬ್ಬ ತೆಗೆದುಕೊಂಡಳು. ಭರಣಿಯಾದರೆ ಒಡೆದೀತು, ಇದು ಒಡೆಯುವುದಿಲ್ಲವಲ್ಲ ಎಂದು ವರ್ಷದ ಮಾವಿನ ಮಿಡಿಯನ್ನೆಲ್ಲ ಉಪ್ಪು ಹಾಕಿ ಅದರಲ್ಲೇ ತುಂಬಿಟ್ಟಳು. ಮಳೆಗಾಲದಲ್ಲಿ ಮುಚ್ಚಳ ತೆಗೆದರೆ ಮಿಡಿಯೆಲ್ಲ ಕಪ್ಪಾಗಿತ್ತು. ಉಪ್ಪೂ ಹುಳಿಯೂ ಸೇರಿ ಡಬ್ಬವನ್ನೇ ತಿಂದು, ತಳದಲ್ಲಿ ತೂತು ಬಿದ್ದು, ರಸ ಸೋರಿಹೋಗಿತ್ತು. ಗಂಜಿಗೆ ನೆಂಚಿಕೊಳ್ಳಲು ಆ ವರ್ಷ ನಮಗೆ ಬರೀ ಉಪ್ಪೇ ಗತಿಯಾಯಿತು.

ಅವನು ಮತ್ತೆ ಬಂದಾಗ ಅಮ್ಮ ತೂತು ಡಬ್ಬವನ್ನು ಅವನ ಮುಂದೆ ಕುಕ್ಕಿದಳು.

"ಹ್ವಾಯ್, ನಿಮ್ ಮನೆಯೊಳ್ಗೆ ಮಿಡಿ ಎಂತದ್ರೊಳ್ಗೆ ಹಾಕ್ತ್ರಿ?"

"ಭರಣಿಯೊಳ್ಗೆ ಅಮ್ಮಾ. ಉಪ್ಪ್ ಹುಳಿ ಇದ್ರೊಳ್ಗೆ ಇಡೂಕಾಗ."

"ಅದನ್ನ ಅವತ್ತೇ ಎಂತಕೆ ಹೇಳ್ಲಿಲ್ಲ?"

"ನೀವ್ ಕೇಣ್ಲಿಲ್ಲ ಅಲ್ದಾ?" ಎಂದವನೇ, ಹೊಸ ಡಬ್ಬವೊಂದಕ್ಕೆ ಕಿರುಬೆರಳು ಸಿಕ್ಕಿಸಿ ಎತ್ತಿದ. "ಕಾಣಿ, ಹೂಗಿನ್ ಹಾಂಗೆ..."