ಬಸಲಿಂಗಮ್ಮನ ರುಬ್ಬುವ ಕಲ್ಲು

ಮದುವೆಯಾಗಿ ಹನ್ನೊಂದು ವರ್ಷವಾದರೂ ಬಸಲಿಂಗಮ್ಮನಿಗೆ ತನ್ನದೇ ಅಡುಗೆಮನೆ ಎಂಬುದಿರಲಿಲ್ಲ. ಗಂಡ ಹಾಲಯ್ಯ ಬ್ಯಾಂಕಿನ ಗುಮಾಸ್ತ. ವರ್ಗವಾದಲ್ಲೆಲ್ಲ ಯಾರದೋ ಮನೆಯ ಒಂದು ಕೋಣೆ, ಯಾರದೋ ಒಲೆಯಲ್ಲಿ ಸರದಿ. ಸದ್ದಾಗುತ್ತದೆಂದು ರುಬ್ಬುವುದಕ್ಕೂ ಬಿಡದ ಪುಣ್ಯಾತ್ಮರನ್ನು ಅವಳು ಕಂಡಿದ್ದಳು. ಆದರೂ ತವರಿನವರು ಕೊಟ್ಟ ರುಬ್ಬುವ ಕಲ್ಲನ್ನು ಹುಬ್ಬಳ್ಳಿಯಿಂದ ಕಾಶಿಯವರೆಗೆ ಬಿಡದೆ ತಂದಿದ್ದಳು.

ಎಪ್ಪತ್ತಾರನೇ ಇಸವಿಯಲ್ಲಿ ಅಲ್ಲಿನ ಸೋನಾರ್‌ಪುರದ ಹೊಸ ಕಟ್ಟಡದ ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ಗಾರೆ ಕೆಲಸ ಮುಗಿಯಲು ಎರಡು ತಿಂಗಳು ಬಾಕಿ. ಅಲ್ಲಿಯತನಕ ಗಂಡಹೆಂಡತಿ ಕೇದಾರ ಘಾಟಿನ ಲಾಡ್ಜಿನಲ್ಲಿ. ಸಾಮಾನೆಲ್ಲ ಜಂಗಮವಾಡಿಯ ಗಲ್ಲಿಯಲ್ಲಿ ಪಾಂಡೇಜಿ ಬಾಡಿಗೆಗೆ ಕೊಟ್ಟ ಕೋಠರಿಯಲ್ಲಿ. ಕೋಠರಿ ಎಂದರೆ ಕಿಟಕಿಯಿಲ್ಲದ ಕತ್ತಲೆ ಗೂಡು. "ನಿಮ್ಮ ಸಾಮಾನು ನಮ್ಮ ಸಾಮಾನು ಇದ್ದ ಹಾಗೆ" ಎಂದಿದ್ದ ಪಾಂಡೇಜಿ. ಆ ಮಹಾನುಭಾವ ಸುಳ್ಳು ಹೇಳಿರಲಿಲ್ಲ.

ಮನೆ ಹೊಗುವ ಎರಡು ದಿನ ಮೊದಲು ಹೋಗಿ ನೋಡಿದರೆ ಕೋಠರಿಯ ತುಂಬ ಯಾವನೋ ಸೀರೆ ವ್ಯಾಪಾರಿಯ ಗಂಟುಗಳು! ಪಾಂಡೇಜಿ ಒಂದೇ ಗೂಡನ್ನು ಇಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದ. ಇವರ ಟ್ರಂಕು, ಹಾಸಿಗೆಗಳು ಅಂಗಳದಲ್ಲಿ ಗೋಣಿತಾಟಿನ ಕೆಳಗೆ ಬಿದ್ದಿದ್ದವು. ಕಲ್ಲು ಮಾತ್ರ ಇರಲಿಲ್ಲ.

ಗೂಡು ಖಾಲಿ ಮಾಡುವಾಗ ಅವನು ಹೊರಗೆ ಸಾಗಿಸಿದ್ದ ಅದು ಸಿಕ್ಕಿದ್ದು ಗಲ್ಲಿಯ ತಿರುವಿನ ಅರಳಿಮರದ ಬುಡದಲ್ಲಿ. ಒರಳಿನ ಕುಳಿಯಲ್ಲಿ ಗುಂಡು ನೆಟ್ಟಗೆ ನಿಂತಿತ್ತು. ಮೈಮೇಲೆ ಮೂರು ಗೆರೆ ವಿಭೂತಿ, ತಲೆಯ ಮೇಲೆ ಬಿಲ್ವಪತ್ರೆ. ಚಪ್ಪಟೆ ಕಲ್ಲಿನ ಮೇಲೆ ಮಸಾಲೆ ಅರೆಯುವ ಊರು ಅದು. ಕುಳಿಯಲ್ಲಿ ಗುಂಡು ನಿಂತ ಕಲ್ಲನ್ನು ಕಂಡವರು ಇನ್ನೇನೆಂದುಕೊಂಡಾರು? ನಿಜ ಗೊತ್ತಿದ್ದವನು ಪಾಂಡೇಜಿ ಒಬ್ಬನೇ. ಅವನು ಬಾಯಿ ಬಿಡುವುದಿರಲಿ, ಪಕ್ಕದಲ್ಲೇ ಹೂ ಮಾರಲು ತಮ್ಮನನ್ನು ಕೂರಿಸಿದ್ದ.

"ಮುಟ್ಟಬೇಡಿ ಬಹೂಜಿ, ಮಹಾದೇವ" ಎಂದು ಪಾಂಡೇಜಿ ಕೈ ಅಡ್ಡ ಹಿಡಿದ.

ಬಸಲಿಂಗಮ್ಮ ಆ ಕೈಯನ್ನು ಆಚೆ ತಳ್ಳಿದಳು. ಅವಳ ಹಿಂದಿ ಆ ಸಿಟ್ಟಿಗೆ ಸಾಲಲಿಲ್ಲ. "ನನ್ನ ಲಿಂಗ ನನ್ನ ಕೊರಳಾಗ ಐತಿ! ಇದು ಹೂರಣ ರುಬ್ಬೋ ಗುಂಡು. ಬಾಡಿಗಿ ತಿಂದಿದ್ದು ಸಾಲದಂತ ನನ್ನ ಒಳ್ಳಕಲ್ಲನ್ನೂ ತಿಂತಿಯೇನೋ?"

ಹಾಲಯ್ಯ ಅವಳ ಸೆರಗು ಜಗ್ಗಿದ. "ಹೋಗ್ಲಿ ಬಿಡ, ಮಂದಿ ನೋಡಾಕತ್ತಾರ. ಬ್ಯಾರೆ ಕಲ್ಲು ತರೂಣು."

"ಬ್ಯಾರೆ ಕಲ್ಲಂತ! ಹೊಸ ಮನ್ಯಾಗ ಮೊದಲನೇ ಹೋಳಿಗಿ ನಮ್ಮವ್ವ ಕೊಟ್ಟ ಕಲ್ಲಿಂದನ ಆಗಬೇಕ್ರೀ. ಇಲ್ಲಾಂದ್ರ ನಾ ಆ ಮನಿ ಮೆಟ್ಟಲ ಹತ್ತೂದಿಲ್ಲ."

ಮಾರನೆಯ ಬೆಳಿಗ್ಗೆ ಅವಳು ಲಾಡ್ಜಿನಲ್ಲಿ ಬೆಲ್ಲ ಹಾಕಿ ಬೇಯಿಸಿದ ಕಡಲೆಬೇಳೆಯ ಪಾತ್ರೆ ಹಿಡಿದು ಗಲ್ಲಿಗೆ ಬಂದಳು. ಹೂ ತೆಗೆದಳು, ವಿಭೂತಿ ತೊಳೆದಳು, ಎಲ್ಲರೆದುರು ಕಾಲು ಚಾಚಿ ಕೂತು ಬೇಳೆ ಹಾಕಿ ಗುಂಡು ತಿರುವಿದಳು. ಈಗಲಾದರೂ ಇವರ ಕಣ್ಣು ತೆರೆಯಲಿ ಎಂಬುದು ಅವಳ ಲೆಕ್ಕ. ಏಲಕ್ಕಿಯ ಘಮಕ್ಕೆ ಜನ ಸೇರಿದರು. ದಿನವೂ ಗಂಗಾಜಲ ತಂದೆರೆಯುತ್ತಿದ್ದ ಮುದುಕಿಯೊಬ್ಬಳು ಬಾಗಿ ನೋಡಿ, ಭಕ್ತಿಯಿಂದ ಎರಡೂ ಕೈ ಚಾಚಿದಳು:

"ಪರಸಾದ್ ದ, ಬಹೂ."

ಅವಳ ಹಿಂದೆ ಹತ್ತು ಕೈಗಳು ಚಾಚಿದವು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತಲ್ಲ ಎಂದು ಬಸಲಿಂಗಮ್ಮನಿಗೆ ಅಳುವೇ ಬಂತು. ಆದರೆ ಪಾಂಡೇಜಿ ಮೀಸೆಯಲ್ಲಿ ನಗುತ್ತಿದ್ದುದು ಕಣ್ಣಿಗೆ ಬಿದ್ದದ್ದೇ ತಡ, ಅಳು ಹಿಂದಕ್ಕೆ ಹೋಯಿತು. ಮುಷ್ಟಿ ಹೂರಣವನ್ನು ಮುದುಕಿಯ ಕೈಗಿಟ್ಟು, ತನ್ನ ಹುಬ್ಬಳ್ಳಿ ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿದಳು: "ಮಹಾದೇವ್ ಕಲ್ ಮೇರೆ ಘರ್ ಜಾತಾ! ಪಾಂಡೇಜಿ ಖುದ್ ಸಿರ್ ಪೇ ಲೇಕೆ ಜಾತಾ!"

"ನಾಳೆ ಯಾಕೆ, ಪಾಂಡೇಜಿ ಇವತ್ತೇ ತಲೆ ಮೇಲೆ ಹೊತ್ತು ಮನೆ ಮುಟ್ಟಿಸಲಿ" ಎಂದಳು ಮುದುಕಿ. "ಹರ ಹರ ಮಹಾದೇವ್" ಎಂದು ಗಲ್ಲಿಗೆ ಗಲ್ಲಿಯೇ ಕೂಗಿತು. ಇಲ್ಲವೆನ್ನಲು ಪಾಂಡೇಜಿಗೆ ಬಾಯಿ ಎಲ್ಲಿದೆ? ದೇವರೆಂದು ಹೇಳಿದವನು ಅವನೇ. ಗುಂಡನ್ನು ಹಾಲಯ್ಯ ಹೆಗಲಿಗೇರಿಸಿದ. ಒರಳು ಪಾಂಡೇಜಿಯ ತಲೆಯೇರಿತು. ಸೋನಾರ್‌ಪುರದವರೆಗೆ, ಮತ್ತೆ ಮೂರು ಮಹಡಿ.

ಅಡುಗೆಮನೆಯ ಮೂಲೆಯಲ್ಲಿ ಒರಳನ್ನಿಳಿಸಿದ ಪಾಂಡೇಜಿ, ಬಾಗಿಲಲ್ಲಿ ನಿಂತ ಜನರಿಗೆ ಕಾಣುವ ಹಾಗೆ ಏದುಸಿರಲ್ಲೇ ಕೈಮುಗಿದ. ಬಸಲಿಂಗಮ್ಮ ಗುಂಡನ್ನು ಒರಳಿಗಿಟ್ಟು, ಉಳಿದ ಬೇಳೆಯನ್ನೆಲ್ಲ ಅದರೊಳಗೆ ಸುರಿದು, ಅವನಿಗೆ ಕೂರಲು ಅದರ ಮುಂದಿನ ನೆಲ ತೋರಿಸಿದಳು.

"ಹಾಥ್ ಜೋಡಾ ಸೋ ಬಸ್, ಪಾಂಡೇಜಿ. ಅಬ್ ಬೈಠೋ, ಗುಂಡು ತಿರುಗಾವ್!"